ಮಲೆನಾಡಿನ ಕಾರಿಗೆ ಸಿಂಥೆಟಿಕ್ ಎಂಜಿನ್ ಆಯಿಲ್: ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು

"ಸಿಂಥೆಟಿಕ್ ಹಾಕ್ಸಿದೀನಿ, ಇನ್ನು 15 ಸಾವಿರ ಕಿಲೋಮೀಟರ್ ತಿರುಗಿ ನೋಡೋ ಹಾಗಿಲ್ಲ" ಅನ್ನುವ ಮಾತು ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಆಗಾಗ ಕಿವಿಗೆ ಬೀಳುತ್ತದೆ. ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿ ಬರುವ ಗಾಡಿಗೆ ಈ ಮಾತು ಹೊಂದಬಹುದು. ಮನೆಯಿಂದ ಡೇರಿಗೆ, ಡೇರಿಯಿಂದ ಸೊಸೈಟಿಗೆ, ಸಂಜೆ ಮಕ್ಕಳನ್ನು ಕರೆತರಲು ಶಾಲೆಗೆ ಅಂತ ಮೂರು ನಾಲ್ಕು ಕಿಲೋಮೀಟರಿನ ಓಟದಲ್ಲೇ ವರ್ಷ ಕಳೆಯುವ ಗಾಡಿಗೆ ಹೊಂದುವುದಿಲ್ಲ. ಎರಡೂ ಒಂದೇ ಮಾಡೆಲ್ ಆಗಿರಬಹುದು, ಡಬ್ಬಿಯ ಮೇಲಿನ ಹೆಸರೂ ಒಂದೇ ಇರಬಹುದು. ಆಯಿಲ್ ಕೆಡುವ ಬಗೆ ಮಾತ್ರ ಬೇರೆ.

ಕಾರಿನ ಜೊತೆ ಬರುವ ಪುಸ್ತಕ ತೆಗೆದು ನೋಡಿ. ಹೆಚ್ಚಿನ ಕಾರುಗಳಿಗೆ 10,000 ಕಿಮೀ ಅಥವಾ ಒಂದು ವರ್ಷ, ಕೆಲವಕ್ಕೆ 15,000 ಕಿಮೀ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಕಿಲೋಮೀಟರ್ ಎಲ್ಲರಿಗೂ ನೆನಪಿರುತ್ತದೆ, ವರ್ಷ ಮರೆತುಹೋಗುತ್ತದೆ. ಇನ್ನೆರಡು ಪುಟ ತಿರುವಿದರೆ ಕಠಿಣ ಬಳಕೆಯ ಪಟ್ಟಿ ಸಿಗುತ್ತದೆ: ಪದೇ ಪದೇ ಚಿಕ್ಕ ಓಟ, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡಿಸುವುದು, ಘಾಟಿ ರಸ್ತೆ, ದೂಳು, ಕೆಸರು, ಭಾರ ಎಳೆಯುವುದು. ತೋಟದ ಮನೆಯ ಕಾರಿಗೆ ಇದರಲ್ಲಿ ಅನ್ವಯಿಸದ ಸಾಲು ಹುಡುಕುವುದು ಕಷ್ಟ. ಇಂಥ ಬಳಕೆಗೆ ಅವಧಿಯನ್ನು ಕಡಿಮೆ ಮಾಡಿ, ಎಷ್ಟೋ ಸಲ ಅರ್ಧಕ್ಕೇ ಇಳಿಸಿ ಎಂದು ಕಂಪನಿಯೇ ಹೇಳಿರುತ್ತದೆ.

ಚಿಕ್ಕ ಓಟದಲ್ಲಿ ಆಗುವುದೇನು

ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೂ ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದ ಸ್ವಲ್ಪ ಪಿಸ್ಟನ್ ರಿಂಗ್ ಪಕ್ಕದಿಂದ ನುಸುಳಿ ಕೆಳಗೆ ಆಯಿಲ್ ಇರುವ ಚೇಂಬರ್ ಸೇರುತ್ತದೆ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಇಂಧನ ಬೇಕು, ಹಾಗಾಗಿ ಪೂರ್ತಿ ಉರಿಯದ ಪೆಟ್ರೋಲ್ ಕೂಡ ಅದೇ ದಾರಿ ಹಿಡಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಎರಡೂ ಆವಿಯಾಗಿ ಬ್ರೀದರ್ ಪೈಪಿನ ಮೂಲಕ ಮತ್ತೆ ಎಂಜಿನ್ನಿಗೇ ಹೋಗಿ ಸುಟ್ಟುಹೋಗುತ್ತವೆ.

ಆ ಬಿಸಿ ಬರುವುದು ತಡವಾಗಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಐದಾರು ನಿಮಿಷದಲ್ಲಿ ಮಧ್ಯಕ್ಕೆ ಬಂದು ನಿಂತರೂ ಅದು ತೋರಿಸುವುದು ಎಂಜಿನ್ ತಣಿಸುವ ಕೂಲೆಂಟ್ ದ್ರವದ ಬಿಸಿಯನ್ನು. ಆಯಿಲ್ ಅಷ್ಟು ಬಿಸಿಯಾಗಲು ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು, ಪುಷ್ಯ ಮಳೆ ಹಿಡಿದಿರುವಾಗ ಇನ್ನೂ ಹೆಚ್ಚು. ಅಷ್ಟರೊಳಗೆ ನೀವು ಸೊಸೈಟಿ ಮುಂದೆ ಗಾಡಿ ನಿಲ್ಲಿಸಿರುತ್ತೀರಿ. ನೀರು ಅಲ್ಲೇ ಉಳಿಯಿತು. ಸಂಜೆ ಮತ್ತೆ ಅಷ್ಟು ಸೇರಿತು.

ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಜಿಡ್ಡು ಕಂಡರೆ ಅದು ಈ ನೀರಿನದೇ ಗುರುತು. ಮಳೆಗಾಲದಲ್ಲಿ ಮುಚ್ಚಳದಲ್ಲಿ ತೆಳ್ಳಗೆ ಇದ್ದರೆ ಗಾಬರಿ ಬೇಡ. ಒಂದು ಒಳ್ಳೆಯ ಓಟ ಓಡಿಸಿ ಮತ್ತೆ ನೋಡಿ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ, ಅದು ಎಂಜಿನ್ನಿನ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಕೆಟ್ಟ ವಿಷಯ. ಗಾಡಿ ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿ.

ಸಿಂಥೆಟಿಕ್ ಆಯಿಲ್ ಹೆಚ್ಚಿನ ಬಿಸಿಗೆ ಬೇಗ ಕೆಡುವುದಿಲ್ಲ, ಬೇಗ ಗಟ್ಟಿಯಾಗುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ. ದುಡ್ಡು ಕೊಡುವುದು ಇದಕ್ಕೆ, ಕೊಟ್ಟದ್ದಕ್ಕೆ ಮೋಸವಿಲ್ಲ. ಆದರೆ ನೀರು, ಪೆಟ್ರೋಲ್, ಆಮ್ಲ ಬಂದು ಸೇರುವುದನ್ನು ಅದು ತಡೆಯಲಾರದು. ಆಮ್ಲವನ್ನು ಕೊಲ್ಲಲು ಅದರಲ್ಲಿ ಬೆರೆಸಿರುವ ಕ್ಷಾರದ ಅಂಶ ದಿನದಿನಕ್ಕೂ ಖರ್ಚಾಗುತ್ತದೆ. ಅದು ಮುಗಿದ ಮೇಲೆ ಡಬ್ಬಿಗೆ ಎಷ್ಟು ಸಾವಿರ ಕೊಟ್ಟಿದ್ದರೂ ಬೇರಿಂಗ್‌ಗೆ ರಕ್ಷಣೆ ಇಲ್ಲ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುತ್ತದೆ. ತಣ್ಣನೆ ಓಟದ ಗಾಡಿಗೆ ಇದು ಇನ್ನೊಂದು ಹೊರೆ.

ನಿಮ್ಮ ಗಾಡಿಯ ಅವಧಿ ಲೆಕ್ಕ ಹಾಕುವುದು

ಕಿಲೋಮೀಟರಿಗಿಂತ ಗಂಟೆಯ ಲೆಕ್ಕ ನಿಜಕ್ಕೆ ಹತ್ತಿರ. ಗಂಟೆಗೆ ಸರಾಸರಿ 50 ಕಿಮೀ ವೇಗದಲ್ಲಿ 10,000 ಕಿಮೀ ಓಡಿದರೆ ಎಂಜಿನ್ ತಿರುಗಿದ್ದು 200 ಗಂಟೆ. ಸರಾಸರಿ 25 ಇದ್ದರೆ ಅದೇ 10,000 ಕಿಮೀಗೆ 400 ಗಂಟೆ, ಅಂದರೆ ಆಯಿಲ್‌ಗೆ ಎರಡು ಪಟ್ಟು ಕೆಲಸ. ಹೆಚ್ಚಿನ ಹೊಸ ಕಾರುಗಳ ಮೀಟರಿನಲ್ಲಿ ಸರಾಸರಿ ವೇಗ ನೋಡಲು ಸಿಗುತ್ತದೆ. ಆಯಿಲ್ ಬದಲಿಸಿದ ದಿನ ಅದನ್ನು ಸೊನ್ನೆ ಮಾಡಿ, ಎರಡು ತಿಂಗಳು ಬಿಟ್ಟು ನೋಡಿ. ಒಂದು ಸಲದ ಆಯಿಲ್‌ಗೆ 250 ಗಂಟೆ ಎಂದು ಹಿಡಿದು, ಬಂದ ಸಂಖ್ಯೆಯನ್ನು 250ರಿಂದ ಗುಣಿಸಿ. ಸರಾಸರಿ 22 ಬಂದರೆ 5,500 ಕಿಮೀ. 45 ಬಂದರೆ 11,250 ಕಿಮೀ, ಆಗ ಪುಸ್ತಕದ 10,000ಕ್ಕೇ ನಿಲ್ಲಿ. ಇದು ಅಂದಾಜಿನ ಲೆಕ್ಕವೇ ಹೌದು, ಆದರೂ ಡಬ್ಬಿಯ ಮೇಲಿನ ಜಾಹೀರಾತಿಗಿಂತ ನಂಬಿಕಸ್ಥ. ಪುಸ್ತಕದ ಅವಧಿಯನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ, ವಾರಂಟಿ ಇರುವಾಗಲಂತೂ ಬೇಡವೇ ಬೇಡ.

ಇದನ್ನು ನಮ್ಮ ಊರುಗಳಿಗೆ ಹೊಂದಿಸಿದರೆ ಹೀಗೆ. ಶಿವಮೊಗ್ಗದಿಂದ ಸಾಗರಕ್ಕೋ ತೀರ್ಥಹಳ್ಳಿಗೋ ದಿನಾ ಕೆಲಸಕ್ಕೆ ಹೋಗಿ ಬರುವ ಸಾಧಾರಣ ಪೆಟ್ರೋಲ್ ಕಾರಿಗೆ 10,000 ಕಿಮೀ ಅಥವಾ ಒಂದು ವರ್ಷ ಸಾಕು. ಒಂದೊಂದು ಓಟವೂ ಒಂದು ಗಂಟೆಗಿಂತ ಹೆಚ್ಚು, ಆಯಿಲ್ ದಿನಕ್ಕೆರಡು ಸಲ ಒಣಗುತ್ತದೆ. ಶಿವಮೊಗ್ಗದೊಳಗೇ ವಿನೋಬನಗರದಿಂದ ಗೋಪಿ ಸರ್ಕಲ್ಲಿಗೆ, ಅಲ್ಲಿಂದ ವಾಪಸ್ಸು ಎನ್ನುವ ಪೇಟೆ ಗಾಡಿಗೆ 7,500 ಕಿಮೀ ಅಥವಾ ಒಂದು ವರ್ಷ. ನಡುವೆ ವಾರಕ್ಕೊಂದು ಉದ್ದ ಓಟವೂ ಇಲ್ಲದಿದ್ದರೆ ಆರು ತಿಂಗಳು. ತೋಟದ ಮನೆಯ ಗಾಡಿ, ಅದರಲ್ಲೂ ಟರ್ಬೊ ಪೆಟ್ರೋಲ್ ಅಥವಾ ಬಿಎಸ್-6 ಡೀಸೆಲ್ ಆಗಿದ್ದರೆ, 5,000 ಕಿಮೀ ಅಥವಾ ಆರು ತಿಂಗಳು. ಹೈಬ್ರಿಡ್ ಗಾಡಿಯ ಎಂಜಿನ್ ನಡುನಡುವೆ ಆರಿ ಹತ್ತುವುದರಿಂದ ಬೇಗ ಬಿಸಿಯಾಗುವುದಿಲ್ಲ. ಅದನ್ನೂ ಪೇಟೆ ಗಾಡಿಯ ಲೆಕ್ಕಕ್ಕೇ ಸೇರಿಸಿ. ಮಕ್ಕಳು ಊರಿಗೆ ಬಂದಾಗ ಮಾತ್ರ ಶೆಡ್ಡಿನಿಂದ ಹೊರಡುವ, ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ಕಾರಿಗೂ ವರ್ಷಕ್ಕೊಮ್ಮೆ ತಪ್ಪುವಂತಿಲ್ಲ.

ಶೆಡ್ಡಿನಲ್ಲಿ ನಿಂತ ಗಾಡಿಯನ್ನು ವಾರಕ್ಕೊಮ್ಮೆ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಡುವುದು ನಮ್ಮಲ್ಲಿ ರೂಢಿ. ಒಳ್ಳೆಯ ಉದ್ದೇಶದಿಂದ ಮಾಡುವ ಕೆಟ್ಟ ಕೆಲಸ ಅದು. ಆಯಿಲ್ ಬಿಸಿಯಾಗುವುದಿಲ್ಲ, ನೀರು ಮಾತ್ರ ಸೇರುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಸರಿ, ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ.

ವರ್ಷದಲ್ಲಿ ಯಾವಾಗ ಎಂದರೆ, ಮಳೆಗಾಲ ಮುಗಿದ ಕೂಡಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೇರಿದ ನೀರು, ಆಮ್ಲ ಚೇಂಬರಿನಲ್ಲೇ ಇಟ್ಟುಕೊಂಡು ಬೇಸಿಗೆಯ ಓಡಾಟಕ್ಕೆ ಇಳಿಯಬಾರದು. ಹೇಗೂ ಆಯುಧಪೂಜೆಗೆ ಗಾಡಿ ತೊಳೆಯುತ್ತೇವೆ. ಆ ವಾರದಲ್ಲೇ ಆಯಿಲ್ ಬದಲಿಸುವ ಪದ್ಧತಿ ಇಟ್ಟುಕೊಂಡರೆ ದಿನಾಂಕ ಮರೆಯುವುದಿಲ್ಲ. ವರ್ಷಕ್ಕೆರಡು ಸಲ ಬೇಕಾದ ಗಾಡಿಗೆ ಇನ್ನೊಂದು ಸರದಿ ಯುಗಾದಿಗೆ, ಹೆಚ್ಚುಕಡಿಮೆ ಆರು ತಿಂಗಳು. ಯುಗಾದಿಯ ಸರದಿಯಲ್ಲಿ ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ಬಿಚ್ಚಿ ನೋಡಿ. ಕೆಂಪು ಮಣ್ಣಿನ ದೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನು ಉಜ್ಜುಕಾಗದದ ಹಾಗೆ ತಿನ್ನುತ್ತದೆ. ಇಲಿ ಅಲ್ಲಿ ಗೂಡು ಕಟ್ಟಿ ಫಿಲ್ಟರ್ ಕಡಿದಿರುವುದೂ ಉಂಟು.

ಡೀಸೆಲ್ ಗಾಡಿಗೆ ಪ್ರತ್ಯೇಕ ಎಚ್ಚರ

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಸುಡಲು ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ತೊಳೆದುಕೊಂಡು ಆಯಿಲ್‌ಗೆ ಇಳಿಯುತ್ತದೆ. ಸುಡುವ ಕೆಲಸಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಟ ಬೇಕು. ಮಧ್ಯದಲ್ಲಿ ಗಾಡಿ ಆಫ್ ಮಾಡಿದರೆ ಮುಂದಿನ ಸಲ ಮೊದಲಿನಿಂದ ಶುರು, ಮತ್ತೆ ಡೀಸೆಲ್ ಇಳಿಯುತ್ತದೆ. ಚಿಕ್ಕ ಓಟದ ಗಾಡಿಯಲ್ಲಿ ಡಿಪ್‌ಸ್ಟಿಕ್ ಮಟ್ಟ ಕಡಿಮೆಯಾಗುವ ಬದಲು ಏರುವುದು ಇದರಿಂದಲೇ. "ಆಯಿಲ್ ಸ್ವಲ್ಪವೂ ಕುಡಿದಿಲ್ಲ" ಎಂದು ಖುಷಿಪಡುವ ವಿಷಯವಲ್ಲ ಅದು. ಗರಿಷ್ಠ ಗುರುತು ದಾಟಿದ್ದರೆ, ಬೆರಳಿಗೆ ಹಚ್ಚಿ ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಕಿಲೋಮೀಟರ್ ಎಷ್ಟೇ ಆಗಿರಲಿ ಬದಲಿಸಿ. ಮಟ್ಟ ಬಹಳ ಮೇಲೇರಿದರೆ ಆಯಿಲ್ ಬ್ರೀದರ್ ಮೂಲಕ ಎಂಜಿನ್ನಿಗೆ ನುಗ್ಗಿ, ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡುವ ಅಪಾಯವಿದೆ.

ಡಿಪಿಎಫ್ ದೀಪ ಹತ್ತಿದರೆ ಸಾಗರ ರಸ್ತೆಯಂಥ ತೆರಪಿನ ಹೆದ್ದಾರಿಯಲ್ಲಿ 60 ಕಿಮೀ ಮೇಲಿನ ವೇಗದಲ್ಲಿ ಒಂದಿಪ್ಪತ್ತು ನಿಮಿಷ ಓಡಿಸಿ ಬನ್ನಿ. ಡೀಸೆಲ್ ಗಾಡಿಯ ಆಯಿಲ್ ಎರಡು ಮೂರು ದಿನಕ್ಕೇ ಕಪ್ಪಾಗುವುದು ಮಾತ್ರ ಸಹಜ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಬಣ್ಣ ನೋಡಿ ಆಯಿಲ್‌ನ ಆಯುಸ್ಸು ಹೇಳಲಾಗದು.

ಯಾವ ಆಯಿಲ್

ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗ್ರೇಡ್ ಪುಸ್ತಕದಲ್ಲಿ 0ಡಬ್ಲ್ಯೂ-20 ಎಂದಿದ್ದರೆ 0ಡಬ್ಲ್ಯೂ-20, 5ಡಬ್ಲ್ಯೂ-30 ಎಂದಿದ್ದರೆ 5ಡಬ್ಲ್ಯೂ-30. "ನೀವು ಘಾಟಿ ಹತ್ತೋರು, ದಪ್ಪ ಆಯಿಲ್ ಹಾಕ್ಸಿ" ಎಂಬ ಸಲಹೆಗೆ ಒಪ್ಪಬೇಡಿ. ಹೊಸ ಎಂಜಿನ್ನುಗಳ ಬೇರಿಂಗ್ ಸಂದು, ಆಯಿಲ್ ಪಂಪು, ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳನ್ನು ತೆಳು ಆಯಿಲ್‌ಗೇ ಲೆಕ್ಕ ಹಾಕಿ ಮಾಡಿರುತ್ತಾರೆ. ಅದೇ ಪುಸ್ತಕದಲ್ಲಿ ಎರಡು ಗ್ರೇಡ್ ಕೊಟ್ಟಿದ್ದರೆ, ಘಾಟಿಯ ಓಡಾಟ ಹೆಚ್ಚಿರುವವರು ಅದರಲ್ಲಿ ದಪ್ಪನೆಯದನ್ನು ಆರಿಸಬಹುದು.

ಗ್ರೇಡಿನಷ್ಟೇ ಮುಖ್ಯ ಗುಣಮಟ್ಟದ ಗುರುತು. ಪೆಟ್ರೋಲ್ ಗಾಡಿಗೆ ಎಪಿಐ ಎಸ್‌ಪಿ ಇರಲಿ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಎಳೆಯುವಾಗ ಇಂಧನ ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ಒಡೆಯುವ ತೊಂದರೆಯಿಂದ ಅದು ಕಾಪಾಡುತ್ತದೆ. ಏರು ರಸ್ತೆಯಲ್ಲಿ ದೊಡ್ಡ ಗೇರಿನಲ್ಲೇ ಎಳೆಸುವ ಅಭ್ಯಾಸದವರಿಗೆ ಇದು ಮುಖ್ಯ. ಡಿಪಿಎಫ್ ಇರುವ ಡೀಸೆಲ್‌ಗೆ ಪುಸ್ತಕ ಹೇಳಿದಂತೆ ಎಸಿಇಎ ಸಿ2 ಅಥವಾ ಸಿ3ಯಂಥ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು. ಸಾಮಾನ್ಯ ಡೀಸೆಲ್ ಆಯಿಲ್‌ನ ಬೂದಿ ಡಿಪಿಎಫ್‌ನಲ್ಲಿ ಕೂತರೆ ಮಸಿಯ ಹಾಗೆ ಸುಟ್ಟುಹೋಗುವುದಿಲ್ಲ, ಕೊನೆಗೆ ಆ ದುಬಾರಿ ಭಾಗವನ್ನೇ ಬದಲಿಸಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಸೀಲ್ ಇರುವ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ. ಮೂರೂವರೆ ಲೀಟರ್ ಹಿಡಿದು ನಾಲ್ಕು ಲೀಟರಿಗೆ ಬಿಲ್ ಆಗಿದ್ದರೆ ಉಳಿದ ಅರ್ಧ ಲೀಟರ್ ನಿಮ್ಮದು. ಡಿಕ್ಕಿಯಲ್ಲಿಟ್ಟುಕೊಳ್ಳಿ, ಕಡಿಮೆಯಾದಾಗ ಬೇಕಾಗುತ್ತದೆ.

ನೀವೇ ಬದಲಿಸುವುದಾದರೆ

ವಾರಂಟಿ ಇರುವ ಗಾಡಿಯನ್ನು ಸರ್ವಿಸ್ ಸೆಂಟರಿಗೇ ಬಿಡಿ, ಬಿಲ್ ಜೋಪಾನ ಮಾಡಿ. ಉಳಿದವರಿಗೆ ಇದು ಒಂದು ಗಂಟೆಯ ಕೆಲಸ. ಬೇಕಾಗುವುದು: ಆಯಿಲ್ (1.2 ಲೀಟರಿನ ಪೆಟ್ರೋಲ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ 3ರಿಂದ 3.7 ಲೀಟರ್, ಡೀಸೆಲ್‌ಗೆ ಹೆಚ್ಚು, ನಿಖರ ಅಳತೆ ಪುಸ್ತಕದಲ್ಲಿದೆ), ಹೊಸ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್, ಸರಿ ಅಳತೆಯ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ಪಾನ, ಐದಾರು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ಆಲಿಕೆ, ಹಳೆ ಬಟ್ಟೆ, ರಬ್ಬರ್ ಕೈಗವಸು.

ಮೊದಲು ಜಾಗ. ಮಣ್ಣಿನ ಅಂಗಳದಲ್ಲಿ, ಅದರಲ್ಲೂ ಮಳೆ ಬಿದ್ದ ನೆಲದಲ್ಲಿ, ಜಾಕ್ ಸದ್ದಿಲ್ಲದೆ ಹೂತುಹೋಗುತ್ತದೆ. ಸಿಮೆಂಟು ನೆಲ ಹುಡುಕಿ. ಸ್ಟೆಪ್ನಿ ಬದಲಿಸಲು ಕೊಟ್ಟಿರುವ ಜಾಕನ್ನು ನಂಬಿ ಗಾಡಿಯ ಕೆಳಗೆ ತೂರಬೇಡಿ. ಜಾಕ್ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಬೇಕೇ ಬೇಕು. ಜಂಬಿಟ್ಟಿಗೆ ಕಲ್ಲು ಪೇರಿಸಿ ನಿಲ್ಲಿಸುವುದಂತೂ ಬೇಡ, ಅದು ಭಾರಕ್ಕೆ ಹಠಾತ್ತನೆ ಸೀಳುತ್ತದೆ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ.

ಐದು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಬೆಚ್ಚಗಿದ್ದರೆ ಕೊಳೆಯೆಲ್ಲ ತೇಲಿಕೊಂಡು ಇಳಿಯುತ್ತದೆ, ಕುದಿಬಿಸಿ ಇದ್ದರೆ ಕೈ ಸುಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ. ಕೆಳಗೆ ಡ್ರೈನ್ ಬೋಲ್ಟ್ ಗುರುತಿಸುವಾಗ ಇನ್ನೊಮ್ಮೆ ನೋಡಿಕೊಳ್ಳಿ: ಗೇರ್‌ಬಾಕ್ಸಿನ ಬೋಲ್ಟೂ ಅಲ್ಲೇ ಪಕ್ಕದಲ್ಲಿರುತ್ತದೆ. ಗೊತ್ತಾಗದೆ ಗೇರ್ ಆಯಿಲ್ ಇಳಿಸಿ, ಹಳೆ ಎಂಜಿನ್ ಆಯಿಲ್ ಮೇಲೆಯೇ ಇನ್ನೂ ಮೂರು ಲೀಟರ್ ಸುರಿದು ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಹಾಳು ಮಾಡುವುದು ಗ್ಯಾರೇಜುಗಳಲ್ಲೂ ನಡೆಯುವ ತಪ್ಪು. ಎಂಜಿನ್ನಿನದು ಚೇಂಬರಿನ ತಳದಲ್ಲಿ, ಹೆಚ್ಚಾಗಿ ಫಿಲ್ಟರ್ ಇರುವ ಕಡೆಗೇ ಇರುತ್ತದೆ. ಇಳಿದದ್ದು ಕಪ್ಪಗೆ ತೆಳ್ಳಗಿಲ್ಲದೆ ಬೇರೆ ಬಣ್ಣವಿದ್ದರೆ ಅಲ್ಲೇ ಬೋಲ್ಟ್ ಮುಚ್ಚಿ ಯೋಚಿಸಿ.

ಹನಿ ಹನಿಯಾಗುವ ತನಕ ಇಳಿಯಲು ಬಿಡಿ, ಹದಿನೈದು ನಿಮಿಷ ಬೇಕು. ಬೋಲ್ಟಿನ ತುದಿ ಒರೆಸಿ, ಹೊಸ ವಾಷರ್ ಹಾಕಿ, ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲಷ್ಟೇ ಸ್ಪ್ಯಾನರ್ ಹಿಡಿಯಿರಿ. ಎಷ್ಟೋ ಚಿಕ್ಕ ಕಾರುಗಳಿಗೆ 30ರಿಂದ 40 ನ್ಯೂಟನ್ ಮೀಟರ್ ಸಾಕು. ಪೈಪು ತೂರಿಸಿ ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತುಬರುತ್ತದೆ. ಹಳೆ ವಾಷರ್ ಸೋರುತ್ತದೆ ಎಂದು ಹೆಚ್ಚು ಬಿಗಿಯುವವರೇ ಹೆಚ್ಚಾಗಿ ಹೀಗೆ ಮಾಡಿಕೊಳ್ಳುವುದು. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಚೇಂಬರ್ ಬದಲಿಸುವ ಕೆಲಸ.

ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯೇ ನೋಡಿ. ಎಂಜಿನ್ನಿಗೆ ಅಂಟಿಕೊಂಡು ಉಳಿದು, ಮೇಲೆ ಇನ್ನೊಂದು ರಿಂಗ್ ಕೂತರೆ ಘಾಟಿಯ ಅರ್ಧದಲ್ಲಿ ಆಯಿಲ್ ಪೂರ್ತಿ ಹೊರಗೆ ಚೆಲ್ಲುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ, ರಿಂಗ್ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಪಾನ ಬಿಚ್ಚಲು ಮಾತ್ರ.

ಪುಸ್ತಕದ ಅಳತೆಗಿಂತ ಮುನ್ನೂರು ನಾನ್ನೂರು ಎಂಎಲ್ ಕಡಿಮೆ ಸುರಿದು, ಮುಚ್ಚಳ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ. ಕೆಂಪು ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಒಂದು ನಿಮಿಷ ಬಿಟ್ಟು ಆಫ್ ಮಾಡಿ, ಕೆಳಗೆ ಬಗ್ಗಿ ಸೋರಿಕೆ ನೋಡಿ. ಗಾಡಿ ಸಮನೆಲಕ್ಕೆ ಇಳಿಸಿ ಐದು ನಿಮಿಷದ ಮೇಲೆ ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಹಾಕಿ. ಎಷ್ಟೋ ಕಾರುಗಳಲ್ಲಿ ಕನಿಷ್ಠ, ಗರಿಷ್ಠ ಗುರುತುಗಳ ನಡುವೆ ಹೆಚ್ಚುಕಡಿಮೆ ಒಂದು ಲೀಟರ್ ಅಂತರ. ದಿನಾಂಕ, ಕಿಮೀ, ಗ್ರೇಡ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಟ್ಟು ಬೆಳಿಗ್ಗೆ ಹನಿ ಬಿದ್ದಿದೆಯೇ ನೋಡಿ.

ಘಾಟಿಗೂ ಮುಂಚೆ, ನೆರೆ ನೀರಿನ ಆಮೇಲೆ

ಡಿಪ್‌ಸ್ಟಿಕ್ಕನ್ನು ಮನೆ ಅಂಗಳದಲ್ಲಿ ನೋಡಿ ಮೋಸ ಹೋಗುವವರು ಬಹಳ, ಯಾಕೆಂದರೆ ನಮ್ಮಲ್ಲಿ ಸಮನಾದ ಅಂಗಳವೇ ಕಡಿಮೆ. ಪೆಟ್ರೋಲ್ ಬಂಕಿನ ನೆಲ ಒಳ್ಳೆಯದು. ಆಗುಂಬೆಯ 14 ತಿರುವುಗಳಿಗೋ ಹುಲಿಕಲ್ ಘಾಟಿಗೋ ಇಳಿಯುವ ಮುಂಚೆ ಮಟ್ಟ ಗರಿಷ್ಠದ ಹತ್ತಿರವಿರಲಿ. ಕನಿಷ್ಠದಲ್ಲಿದ್ದರೆ ಕಡಿದಾದ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಜಾರಿ ಪಂಪು ಗಾಳಿ ಎಳೆಯುತ್ತದೆ, ಕೆಂಪು ದೀಪ ಮಿನುಗುತ್ತದೆ. ಆ ದೀಪ ಹತ್ತಿದರೆ "ಘಾಟಿ ಬುಡದ ಸೋಮೇಶ್ವರದವರೆಗೆ ಹೋಗಿಬಿಡೋಣ" ಅನ್ನಬೇಡಿ, ಬದಿಗೆ ನಿಲ್ಲಿಸಿ ಆಗಲೇ ಎಂಜಿನ್ ಆರಿಸಿ. ಚಿಕ್ಕ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಎಂಜಿನ್ ಒಳಗೆ ಎಳೆತ ಹೆಚ್ಚಾಗಿ ಸವೆದ ರಿಂಗ್, ವಾಲ್ವ್ ಸೀಲ್ ದಾಟಿ ಸ್ವಲ್ಪ ಆಯಿಲ್ ಸುಟ್ಟುಹೋಗುತ್ತದೆ. ಹಳೆ ಗಾಡಿಯವರು ಘಾಟಿ ಮುಗಿದ ಮೇಲೆ ಮತ್ತೊಮ್ಮೆ ನೋಡಿ. ಬ್ರೇಕ್ ಉಳಿಯಲು ಚಿಕ್ಕ ಗೇರಿನಲ್ಲಿ ಇಳಿಯುವುದೇ ಸರಿ, ಅದನ್ನು ಬಿಡಬೇಡಿ.

ಆಷಾಢದ ಮಳೆಯಲ್ಲಿ ಹಳ್ಳ ಉಕ್ಕಿ ಗಾಡಿ ನೀರಿನಲ್ಲಿ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಳೆಸಿಕೊಂಡು ಹೋಗಿ ಡಿಪ್‌ಸ್ಟಿಕ್, ಏರ್ ಫಿಲ್ಟರ್ ಪರೀಕ್ಷಿಸಿ. ಆಯಿಲ್ ಬಿಳಚಿದ್ದರೆ ಆಯಿಲ್, ಫಿಲ್ಟರ್ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಎರಡನ್ನೂ ಇನ್ನೊಮ್ಮೆ ಬದಲಿಸಬೇಕು.

ಹಳೆ ಆಯಿಲ್ ಏನು ಮಾಡುವುದು

ಗೆದ್ದಲು ಹಿಡಿಯಬಾರದೆಂದು ಬೇಲಿ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ ಹಳೆ ಆಯಿಲ್ ಬಳಿಯುವುದು ಮಲೆನಾಡಿನಲ್ಲಿ ಹಳೆಯ ಅಭ್ಯಾಸ. ಇಷ್ಟೊಂದು ಮಳೆ ಬೀಳುವ ಕಡೆ ಅದು ಕಂಬದ ಮೇಲೆ ಉಳಿಯುವುದಿಲ್ಲ, ತೊಳೆದುಕೊಂಡು ತೋಟದ ಬಸಿಗಾಲುವೆಗೆ, ಹಳ್ಳಕ್ಕೆ, ತೆರೆದ ಬಾವಿಗೆ ಸೇರುತ್ತದೆ. ಅದರಲ್ಲಿ ಎಂಜಿನ್ ಸವೆದ ಲೋಹವಿದೆ, ಕ್ಯಾನ್ಸರ್ ತರುವ ಸುಟ್ಟ ಎಣ್ಣೆಯ ಅಂಶಗಳಿವೆ. ದನ ಮೈ ಉಜ್ಜುವ ಕಂಬಕ್ಕಂತೂ ಬಳಿಯಲೇಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ಸುರಿದು ಮುಚ್ಚಳ ಬಿಗಿಯಿರಿ, ಅದಕ್ಕೆ ಪೆಟ್ರೋಲು ನೀರು ಬೆರೆಸಬೇಡಿ. ಫಿಲ್ಟರನ್ನು ಒಂದು ರಾತ್ರಿ ಟಬ್ಬಿನ ಮೇಲೆ ಬೋರಲು ಹಾಕಿ ಬಸಿಯಿರಿ. ಎರಡನ್ನೂ ಪೇಟೆಗೆ ಹೋದಾಗ, ಮರುಬಳಕೆಯವರಿಗೆ ಹಳೆ ಆಯಿಲ್ ಕೊಡುವ ಸರ್ವಿಸ್ ಸೆಂಟರಿಗೋ ದೊಡ್ಡ ಗ್ಯಾರೇಜಿಗೋ ಕೊಟ್ಟುಬನ್ನಿ.